ಆರ್ಲಿಂಗ್ಟನ್‌ನ ಖಾಲಿ ಗೋರಿ ಮತ್ತು ಕಾವಲಿನ ನಿಯಮಗಳ ಕುರಿತು

ಅಮೆರಿಕದ ಆರ್ಲಿಂಗ್ಟನ್‌ನಲ್ಲಿರುವ ಅಜ್ಞಾತ ಯೋಧರ ಸಮಾಧಿಯಲ್ಲಿ ಒಂದು ಗೋರಿ ಏಕೆ ಖಾಲಿಯಿದೆ, ಅಲ್ಲಿನ ಕಾವಲುಗಾರರು ಜೀವನಪರ್ಯಂತ ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡುತ್ತಾರೆಯೇ ಎಂದು ತಾವು ಕೇಳಿದ್ದೀರಿ. ಎರಡನೆಯದು ಬಹುಕಾಲದಿಂದ ಬಾಯಿಂದ ಬಾಯಿಗೆ ಹರಡಿರುವ ಕಟ್ಟುಕಥೆ; ಅಂಥ ಪ್ರತಿಜ್ಞೆ ಯಾವುದೂ ಇಲ್ಲ.

ಖಾಲಿ ಗೋರಿಯ ಸಂಗತಿ ನಿಜ. ವಿಯೆಟ್ನಾಂ ಯುದ್ಧದ ಅಜ್ಞಾತ ಯೋಧನದೆಂದು 1984ರಲ್ಲಿ ಸಮಾಧಿ ಮಾಡಿದ್ದ ಅವಶೇಷಗಳನ್ನು 1998ರ ಮೇ ತಿಂಗಳಲ್ಲಿ ಹೊರತೆಗೆದು ಡಿಎನ್‌ಎ ಪರೀಕ್ಷೆಗೆ ಒಳಪಡಿಸಿದಾಗ, ಅವು 1972ರಲ್ಲಿ ಯುದ್ಧವಿಮಾನ ಪತನಗೊಂಡು ಮಡಿದ ವಾಯುಪಡೆಯ ಲೆಫ್ಟಿನೆಂಟ್ ಮೈಕೆಲ್ ಬ್ಲಾಸಿ ಅವರದೆಂದು ಖಚಿತವಾಯಿತು. ಅವಶೇಷಗಳನ್ನು ಕುಟುಂಬಕ್ಕೆ ಒಪ್ಪಿಸಿದ ಮೇಲೆ ಆ ಜಾಗದಲ್ಲಿ ಮತ್ತೊಬ್ಬರನ್ನು ಇಡದೆ, ಅದನ್ನು ಕಾಣೆಯಾದ ಯೋಧರೆಲ್ಲರ ಗೌರವಾರ್ಥ ಮೀಸಲಿಡಲಾಯಿತು. ಹೆಸರು ಪತ್ತೆಹಚ್ಚುವ ವಿಜ್ಞಾನ ಇಷ್ಟು ಮುಂದುವರಿದಿರುವಾಗ ಇನ್ನೊಬ್ಬರನ್ನು ಅವಸರದಲ್ಲಿ ‘ಅಜ್ಞಾತ’ ಎಂದು ಘೋಷಿಸದಿದ್ದುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಮೊದಲ ಮಹಾಯುದ್ಧದ ಯೋಧನನ್ನು 1921ರ ನವೆಂಬರ್ 11ರಂದು ಅಲ್ಲಿ ಸಮಾಧಿ ಮಾಡಲಾಯಿತು. 1937ರಿಂದ ಹಗಲಿರುಳೂ ಕಾವಲಿದ್ದು, 1948ರಿಂದ ಆ ಹೊಣೆ ‘ಓಲ್ಡ್ ಗಾರ್ಡ್’ ಎಂದು ಹೆಸರಾದ ಮೂರನೆಯ ಪದಾತಿದಳದ್ದಾಗಿದೆ. ಕಾವಲುಗಾರ 21 ಹೆಜ್ಜೆ ನಡೆದು, ಸಮಾಧಿಯತ್ತ ತಿರುಗಿ 21 ಸೆಕೆಂಡು ನಿಂತು, ಮತ್ತೆ ತಿರುಗಿ ಬಂದೂಕನ್ನು ಸಂದರ್ಶಕರ ಕಡೆಯ ಹೆಗಲಿಗೆ ಬದಲಿಸಿ ಹಿಂದಿರುಗುತ್ತಾನೆ. 21 ಎಂಬುದು ಅತ್ಯುನ್ನತ ಗೌರವವಾದ 21 ತೋಪುಗಳ ವಂದನೆಯ ಸೂಚಕ. ಒಳಗಿರುವವರ ಪದವಿ ತಿಳಿಯದ ಕಾರಣ, ತನ್ನದು ಅವರಿಗಿಂತ ಮೇಲೆಂದು ತೋರಬಾರದೆಂದು, ಪಹರೆಯಲ್ಲಿರುವವನು ಸಮವಸ್ತ್ರದ ಮೇಲೆ ಪದವಿಯ ಚಿಹ್ನೆ ಧರಿಸುವುದಿಲ್ಲ.