ಸ್ಪಾಕ್‌ನ ಕ್ಯಾಮೆರಾ, ನಮ್ಮ ಬಚ್ಚಲಮನಿ

ತಮ್ಮಾ, ನೀ ನಿನ್ನೆ ರಾತ್ರಿ ಗುಂಪಿನ್ಯಾಗ ಎರಡು ಮಾತು ಕೇಳಿದ್ದಿ. 'ಸ್ಟಾರ್ ಟ್ರೆಕ್' ಅನ್ನೂ ಅಮೆರಿಕಾದ ಬಾಹ್ಯಾಕಾಶದ ಟಿವಿ ಧಾರಾವಾಹಿಯ ಸ್ಪಾಕ್ ಪಾತ್ರದವರು ಖರೇನ ಫೋಟೋಗ್ರಾಫರ್ ಇದ್ರೇನು, ಅವರಂಗ ಬಚ್ಚಲಮನ್ಯಾಗ ಪ್ರಿಂಟ್ ಮಾಡಾಕ ಆಗತೈತೇನು ಅಂತ. ಎರಡಕ್ಕೂ ಹೌದು. ಉದ್ದ ಆಗತೈತಿ, ಪುರಸೊತ್ತು ಮಾಡ್ಕೊಂಡು ಓದು.

ಆ ಸ್ಪಾಕ್ ಪಾತ್ರ ಮಾಡಿದ ಲಿಯೊನಾರ್ಡ್ ನಿಮಾಯ್ ಹುಟ್ಟಿದ್ದು 1931ರಾಗ, ಅಮೆರಿಕಾದ ಬೋಸ್ಟನ್‌ನಾಗ. ತಂದಿ-ತಾಯಿ ಉಕ್ರೇನ್ ಕಡೆಯಿಂದ ಬಂದ ಯಹೂದಿಗಳು, ತಂದಿದು ಕ್ಷೌರದಂಗಡಿ. ಹುಡುಗ ಹದಿಮೂರರ ಆಸುಪಾಸಿನ್ಯಾಗ ಮಡಚೋ ಕೊಡಾಕ್ ಕ್ಯಾಮೆರಾ ಹಿಡಿದ್ರು, ಮನ್ಯಾಗಿದ್ದ ಸಣ್ಣ ಬಚ್ಚಲಾನ ಡಾರ್ಕ್‌ರೂಮ್ (ಫೋಟೋ ತೊಳಿಯೂ ಕತ್ತಲ ಕೋಣಿ) ಮಾಡಿದ್ರು. ಚಾರ್ಲ್ಸ್ ನದಿ ದಂಡಿಮ್ಯಾಗ ತಮ್ಮ ಅಜ್ಜನ ಫೋಟೋ ತೆಗೆದು ಆ ಬಚ್ಚಲದಾಗ ತೊಳೆದ್ರು. ಸ್ಪಾಕ್ ಆಗೂದು ಅದಾಗಿ ಇಪ್ಪತ್ತು ವರ್ಷದ ಮ್ಯಾಲಿನ ಮಾತು. ಅಂದ್ರ ನಟನಿಗೆ ವಯಸ್ಸಾದ ಮ್ಯಾಲ ಹತ್ತಿದ ಹವ್ಯಾಸ ಅಲ್ಲ ಇದು.

ನಾಲ್ಕು ಬೆರಳು ಎರಡೆರಡಾಗಿ ಅಗಲಿಸೋ ಸ್ಪಾಕ್‌ನ ಆ ಕೈ ಸನ್ನಿ ಎಲ್ಲಾರಿಗೂ ಗೊತ್ತು. ಅದು ಎಲ್ಲಿಂದ ಬಂತು ಅನ್ನೂದು ಭಾಳ ಮಂದಿಗೆ ಗೊತ್ತಿಲ್ಲ. ನಿಮಾಯ್ ಸಣ್ಣವರಿದ್ದಾಗ ಯಹೂದಿ ಪ್ರಾರ್ಥನಾ ಮಂದಿರಕ್ಕ ಹೋಗಿದ್ರಂತ. ಪುರೋಹಿತ ಮನೆತನದವರು ಶಾಲು ಹೊತ್ಕೊಂಡು, ಹೀಬ್ರೂ ಲಿಪಿಯ 'ಶಿನ್' ಅಕ್ಷರದ ಆಕಾರದಾಗ ಕೈ ಮಾಡಿ ಆಶೀರ್ವಾದ ಮಾಡ್ತಾರ. ಆಗ ಯಾರೂ ನೋಡಬಾರ್ದು. ತಂದಿ 'ನೋಡಬ್ಯಾಡ' ಅಂದ್ರೂ ಹುಡುಗ ಕದ್ದು ನೋಡಿದ್ರು. 1967ರ 'ಅಮೋಕ್ ಟೈಮ್' ಕಂತಿನ್ಯಾಗ ಸ್ಪಾಕ್‌ನ ಜನಾಂಗದ ವಲ್ಕನ್ ಮಂದಿ ಒಬ್ಬರಿಗೊಬ್ಬರು ಹೆಂಗ ನಮಸ್ಕಾರ ಮಾಡಬೇಕು ಅನ್ನೂದು ಬಂದಾಗ, ಆ ಕೈಯನ್ನ ಕೊಟ್ರು. ಆ ಆಶೀರ್ವಾದದ ಹೊತ್ತಿನ್ಯಾಗ ದೇವರ ಸ್ತ್ರೀರೂಪ 'ಶೆಖೀನಾ' ಅಲ್ಲಿಗೆ ಬರತೈತಿ, ಅದರ ಬೆಳಕು ತಡ್ಕೊಳ್ಳಾಕ ಆಗೂದಿಲ್ಲಂತ ಕಣ್ಣು ಮುಚ್ಚಬೇಕು ಅನ್ನೂದನ್ನ ಅವರು ಆಮ್ಯಾಲ ತಿಳ್ಕೊಂಡ್ರು. 2002ರಾಗ ಬಂದ ಅವರ ಫೋಟೋ ಪುಸ್ತಕದ ಹೆಸರೇ 'ಶೆಖೀನಾ'. ಸಣ್ಣವರಿದ್ದಾಗ ಕದ್ದು ನೋಡಿದ್ದನ್ನ ಎಪ್ಪತ್ತು ದಾಟಿದ ಮ್ಯಾಲ ಪುಸ್ತಕ ಮಾಡಿದ್ರು ನೋಡು! ನನಗ ಅವರ ಮ್ಯಾಲ ಅಷ್ಟು ಪ್ರೀತಿ ಇರೂದು ಇದಕ್ಕ.

ನಡುವ 1970ರ ದಶಕದಾಗ ನಟನೆ ಬಿಟ್ಟು ಫೋಟೋಗ್ರಫಿನೇ ಹಿಡಿಲ್ಯಾ ಅನ್ನೂವಷ್ಟು ಮನಸಾಗಿ, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಾಗ ರಾಬರ್ಟ್ ಹೈನೆಕೆನ್ ಅವರ ಕಡೆ ಕಲಿತ್ರು. ಫೋಟೋ ಅಂದ್ರ ಬರೇ ಚಂದ ಕಾಣೂದಲ್ಲ, ಒಂದು ವಿಚಾರ ಇರಬೇಕು ಅನ್ನೂ ಹಟ ಅವರ ಮುಂದಿನ ಕೆಲಸದಾಗೆಲ್ಲಾ ಕಾಣತೈತಿ.

ಈಗ ನಿನ್ನ ಬಚ್ಚಲ. ಮದಲ ಮಧ್ಯಾಹ್ನ ಹನ್ನೆರಡಕ್ಕ ಒಳಗ ಹೋಗಿ ಬಾಗಲಾ ಹಾಕ್ಕೊಂಡು ಹತ್ತು ನಿಮಿಷ ಸುಮ್ಮನ ಕೂಡು. ಕಣ್ಣು ಕತ್ತಲಿಗೆ ಹೊಂದಿದ ಮ್ಯಾಲ ಎಲ್ಲೆಲ್ಲಿ ಬೆಳಕು ಸೋರತೈತಿ ಅನ್ನೂದು ತಾನ ಕಾಣತೈತಿ. ಬಾಗಲ ಕೆಳಗ ಚಾದರ ಸುತ್ತಿ ಇಡು, ಕಿಡಕಿಗೆ ಕರೀ ರಟ್ಟು ಬಡಿ. ಪ್ರಿಂಟ್ ಮಾಡೂವಾಗ ಹಚ್ಚೂ ಕೆಂಪು ಬಲ್ಬ್ ಸುಮ್ಮನ ನಂಬಬ್ಯಾಡ. ಪ್ರಿಂಟಿನ ಕಾಗದದ ತುಂಡಿನ ಮ್ಯಾಲ ಒಂದು ರೂಪಾಯಿ ಇಟ್ಟು, ಆ ಬೆಳಕಿನ್ಯಾಗ ಐದು ನಿಮಿಷ ಬಿಟ್ಟು, ಡೆವಲಪ್ ಮಾಡು. ನಾಣ್ಯದ ಗುರ್ತು ಮೂಡಿದ್ರ ಆ ಬಲ್ಬ್ ಬ್ಯಾಡ. ಫಿಲಂ ತೊಳಿಯೂವಾಗ ಮಾತ್ರ ಕೆಂಪು ದೀಪಾನೂ ನಡೆಂಗಿಲ್ಲ, ಟ್ಯಾಂಕಿಗೆ (ಬೆಳಕು ಹೋಗದ ಡಬ್ಬಿ) ಹಾಕೂತನಕ ಪೂರಾ ಕತ್ತಲ ಬೇಕು.

ಡೆವಲಪರ್ (ಚಿತ್ರ ಮೂಡಿಸೂ ದ್ರಾವಣ) 20 ಡಿಗ್ರಿ ಸೆಲ್ಸಿಯಸ್ ಇದ್ರ ಛಲೋ. ಬೆಳಗಾವಿಯಾಗ ಮಳಿಗಾಲ, ಥಂಡಿ ದಿನದಾಗ ಅಡ್ಡಿಯಿಲ್ಲ. ನಿಮ್ಮ ಬಾಗಲಕೋಟಿಯಾಗ ಬ್ಯಾಸಗಿಗೆ ನಳದ ನೀರ ಕೈ ಸುಡತೈತಿ, ಅದಕ್ಕ ಡೆವಲಪರ್ ಟ್ರೇಯನ್ನ ದೊಡ್ಡ ಪರಾತದಾಗ ಇಟ್ಟು ಸುತ್ತಲೂ ಗಡಿಗಿ ನೀರು ಹಾಕು. ಅಡಗಿಮನಿ ಭಾಂಡೆ ಮಾತ್ರ ಇದಕ್ಕ ತರಬ್ಯಾಡ, ಕೈಗೂ ರಬ್ಬರ್ ಗ್ಲೌಸ್ ಹಾಕ್ಕೋ. ಎನ್‌ಲಾರ್ಜರ್ (ನೆಗೆಟಿವ್ ದೊಡ್ಡದ ಮಾಡಿ ಕಾಗದದ ಮ್ಯಾಲ ಬೀಳಿಸೂ ಯಂತ್ರ) ಸಿಗಲಿಲ್ಲಂದ್ರ ಕಾಗದದ ಮ್ಯಾಲ ನೆಗೆಟಿವ್ ಇಟ್ಟು, ಅದರ ಮ್ಯಾಲ ಗಾಜು ಒತ್ತಿ ಅದರಷ್ಟ ಅಳತಿ ಪ್ರಿಂಟ್ ತೆಗಿ. ಹಳೇ ಸ್ಟುಡಿಯೋದವರ ಮಾಳಗಿ ಮ್ಯಾಲ ಎನ್‌ಲಾರ್ಜರ್ ಇನ್ನೂ ಬಿದ್ದಿರತಾವ, ಕೇಳಿ ನೋಡು.

ಒಂದ ತಪ್ಪು ಮಾಡಬ್ಯಾಡ: ಫಿಕ್ಸರ್‌ದಾಗ (ಮೂಡಿದ ಚಿತ್ರ ಕೆಡದಂಗ ನಿಲ್ಲಿಸೂ ದ್ರಾವಣ) ಅವಸರ. ನನ್ನ ಮದಲನೇ ಪ್ರಿಂಟ್ ನಮ್ಮವ್ವಂದು. ಟ್ರೇದಾಗ ಮದಲ ಕೂದಲಾ ಬಂತು, ಆಮ್ಯಾಲ ಇಳಕಲ್ ಸೀರಿ ದಡಿ, ಕಡೀಕ ಮಾರಿ. ಖುಷಿಗೆ ಲಗೂನ ತೆಗೆದು ಗ್ವಾಡಿಗೆ ಹಚ್ಚಿದೆ. ಒಂದ ವರ್ಷದಾಗ ಪೂರಾ ಕಂದಾತು. ಅವ್ವ ಈಗಿಲ್ಲ, ನೆಗೆಟಿವ್ ಇತ್ತಂತ ಮತ್ತ ಮಾಡಿದೆ. ಫಿಕ್ಸರ್ ಪಾಕೀಟಿನ ಮ್ಯಾಲ ಬರೆದಷ್ಟು ಹೊತ್ತು ಇಟ್ಟು, ನೀರಾಗೂ ಅಷ್ಟ ನಿಗಾಯಿಂದ ತೊಳಿ.

ಇನ್ನೊಂದು. 2008ರಾಗ ನಿಮಾಯ್ ಅವರು ಮ್ಯಾಸಚೂಸೆಟ್ಸ್‌ನ ನಾರ್ತ್‌ಹ್ಯಾಂಪ್ಟನ್ ಊರಾಗ ಸುಮಾರು ನೂರು ಜನಕ್ಕ 'ನಿಮ್ಮೊಳಗ ಬ್ಯಾರೆ ಯಾರದಾರ? ಹಂಗ ತಯಾರಾಗಿ ಬರ್ರಿ' ಅಂತ ಹೇಳಿ ಫೋಟೋ ತೆಗೆದ್ರು. 'ಸೀಕ್ರೆಟ್ ಸೆಲ್ವ್ಸ್' ಅಂತ ಆ ಕೆಲಸದ ಹೆಸರು. ನಮ್ಮ ಗುಂಪಿನವರೂ ಖಡೇಬಜಾರದ ಅಂಗಡಿಯವರನ್ನ ಹಂಗ ಕೇಳೋಣು. ಬಾಂಡಿ ಅಂಗಡಿ ಕಾಕಾ ಏನಾಗಿ ಬರತಾರ ನೋಡಬೇಕು ಅನ್ನೂ ಆಸೆ ನನಗ ಭಾಳ ಐತಿ.

ಬರೂ ರವಿವಾರ ಬೆಳಗಾವಿಗೆ ಬಾ, ಒಂದ ನೆಗೆಟಿವ್ ತೊಗೊಂಡು. ನಮ್ಮ ಬಚ್ಚಲದಾಗ ಕೂಡಿ ಮಾಡೋಣು.