ಸರಾಸರಿಯ ಪಕ್ಕ ಎಣಿಕೆಯೂ ಇರಲಿ

ಪ್ರಶ್ನೆ: ಮೇಡಂ, ನಮ್ಮ ಮಾವನವರಿಗೆ ಮಾಟುಂಗಾ, ಮುಲುಂಡ್ ಮತ್ತು ಚೆಂಬೂರಿನಲ್ಲಿ ಉಡುಪಿ ಹೋಟೆಲ್‌ಗಳಿವೆ. ಒಂದು ಭಾನುವಾರದ ಬಿಲ್‌ಗಳನ್ನೆಲ್ಲ ಅಂಕಿಅಂಶ ಲೆಕ್ಕ ಹಾಕುವ ಆರ್ ಸಾಫ್ಟ್‌ವೇರ್‌ಗೆ ಹಾಕಿ ಹೋಟೆಲ್‌ವಾರು ಸರಾಸರಿ ತೆಗೆದೆ. ಮಾಟುಂಗಾ 120 ರೂಪಾಯಿ, ಮುಲುಂಡ್ 220. ಚೆಂಬೂರಿಗೆ ಬರೀ ‘ಎನ್‌ಎ’ (ಅಂಕಿ ಇಲ್ಲ ಅನ್ನುವ ಗುರುತು) ಬಂತು. ಮೊದಲಿನ ಎರಡರ ಸರಾಸರಿ 170 ಅಂತ ಮಾವನಿಗೆ ಹೇಳಿಬಿಟ್ಟೆ. ಆಮೇಲೆ ಆ ಎರಡೂ ಕಡೆಯ ಬಿಲ್ ಒಟ್ಟಿಗೆ ಸೇರಿಸಿ ನೋಡಿದರೆ 140 ಬರುತ್ತಿದೆ. ತಪ್ಪು ಎಲ್ಲಾಗಿದೆ?
— ಓದುಗರು, ಮಾಟುಂಗಾ, ಮುಂಬಯಿ

ಉತ್ತರ: 140 ಸರಿ. ಮಾವನವರಿಗೆ ಅದನ್ನೇ ಹೇಳಿ.

ನೀವು ಬರೆದಿರುವ 120, 220, 140 ಈ ಮೂರು ಅಂಕಿಗಳಲ್ಲೇ ಉತ್ತರ ಅಡಗಿದೆ. ಮುಲುಂಡಿನ ಒಂದು ಬಿಲ್ಲಿಗೆ ಮಾಟುಂಗಾದಲ್ಲಿ ನಾಲ್ಕು ಬಿಲ್ ಆಗಿವೆ. ಲೆಕ್ಕ ಹಾಕಿ ನೋಡಿ: 120 ನಾಲ್ಕು ಸಲ, 220 ಒಂದು ಸಲ, ಒಟ್ಟು 700. ಐದರಿಂದ ಭಾಗಿಸಿದರೆ 140. ಮಾಟುಂಗಾದಲ್ಲಿ ಇಡ್ಲಿ ಕಾಫಿಯ ಸಣ್ಣ ಬಿಲ್‌ಗಳು ಜಾಸ್ತಿ ಇರಬಹುದು, ಅಲ್ವಾ? 170 ಅಂದಾಗ ಆ ನಾಲ್ಕು ಬಿಲ್ಲಿಗೂ ಮುಲುಂಡಿನ ಒಂದಕ್ಕೂ ಒಂದೇ ತೂಕ ಕೊಟ್ಟ ಹಾಗಾಯಿತು.

ಅದಕ್ಕೇ ನಾನು ಗುಂಪುವಾರು ಸರಾಸರಿಯನ್ನು ಎಣಿಕೆ ಇಲ್ಲದೆ ಯಾರಿಗೂ ಕೊಡುವುದಿಲ್ಲ. ಗುಂಪು ಮಾಡಿ ಲೆಕ್ಕ ಹಾಕಲು ಆರ್‌ಗೆ ಸೇರಿಸಿಕೊಳ್ಳುವ ಡಿಪ್ಲೈಯರ್ ಪ್ಯಾಕೇಜ್ ಬಳಸುತ್ತಿದ್ದರೆ ‘ಗ್ರೂಪ್ ಬೈ’ಗೆ ಹೋಟೆಲ್ ಕಾಲಂ ಕೊಡಿ. ಗುಂಪಿಗೊಂದು ಸಾಲು ಕೊಡುವ ‘ಸಮರೈಸ್’ ಒಳಗೆ, ಸರಾಸರಿ ತೆಗೆಯುವ ‘ಮೀನ್’ ಜೊತೆ ‘ಎನ್’ ಕೂಡ ಸೇರಿಸಿ, ಅದು ಸಾಲುಗಳನ್ನು ಎಣಿಸುತ್ತದೆ. (2023ರ 1.1.0 ಆವೃತ್ತಿಯಿಂದ ‘ಗ್ರೂಪ್ ಬೈ’ ಬದಲು ‘ಸಮರೈಸ್’ ಒಳಗೇ ‘ಡಾಟ್ ಬೈ’ ಬರೆಯಬಹುದು.) ಮೀಡಿಯನ್ (ಬಿಲ್‌ಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಮೊತ್ತ) ಕೂಡ ಹಾಕಿ. ಒಂದೇ ಒಂದು ದೊಡ್ಡ ಪಾರ್ಸೆಲ್ ಆರ್ಡರ್ ಬಂದರೂ ಸರಾಸರಿ ಮೇಲಕ್ಕೆ ಹೋಗಿಬಿಡುತ್ತದೆ. ಮೀಡಿಯನ್ ಅಷ್ಟು ಸುಲಭವಾಗಿ ಅಲುಗುವುದಿಲ್ಲ.

ಇಲ್ಲೊಂದು ಗುಂಡಿ ಇದೆ, ತುಂಬಾ ಜನ ಬೀಳುತ್ತಾರೆ. ಮೊತ್ತದ ಕಾಲಂ ಹೆಸರು ‘ಮೊತ್ತ’ ಅಂತಿದ್ದು, ಅದರ ಸರಾಸರಿಗೂ ‘ಮೊತ್ತ’ ಅಂತಲೇ ಹೆಸರಿಟ್ಟು, ಮುಂದಿನ ಸಾಲಲ್ಲಿ ಅದರ ಎಸ್‌ಡಿ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಕೇಳಿದರೆ ‘ಎನ್‌ಎ’ ಬರುತ್ತದೆ. ಯಾಕೆಂದರೆ ಅಷ್ಟು ಹೊತ್ತಿಗೆ ‘ಮೊತ್ತ’ ಅಂದರೆ ಒಂದೇ ಒಂದು ಅಂಕಿ, ಒಂದು ಅಂಕಿಗೆ ಎಸ್‌ಡಿ ಎಲ್ಲಿಂದ ಬರಬೇಕು? ಸರಾಸರಿಗೆ ಬೇರೆ ಹೆಸರಿಡಿ.

ಇನ್ನು ಚೆಂಬೂರು. ಅಲ್ಲಿ ಒಂದು ಬಿಲ್ಲಿನ ಮೊತ್ತ ಖಾಲಿ ಬಿಟ್ಟಿದ್ದರೂ ಸಾಕು, ಇಡೀ ಗುಂಪಿನ ಸರಾಸರಿ ‘ಎನ್‌ಎ’ ಆಗುತ್ತದೆ. ಗೊತ್ತಿಲ್ಲದ ಅಂಕಿಯನ್ನು ಕೂಡಿಸಿದರೆ ಉತ್ತರವೂ ಗೊತ್ತಿಲ್ಲ ಅಂತ ಆರ್ ಹೇಳುತ್ತಿದೆ. ಇದು ಅದರ ಪ್ರಾಮಾಣಿಕತೆ, ನನಗೆ ಬಹಳ ಇಷ್ಟ. ‘ಮೀನ್’ ಒಳಗೆ ‘ಎನ್‌ಎ ಡಾಟ್ ಆರ್‌ಎಮ್’ ಅನ್ನು ಟ್ರೂ ಮಾಡಿದರೆ ಖಾಲಿ ಬಿಟ್ಟು ಉಳಿದವುಗಳ ಸರಾಸರಿ ಕೊಡುತ್ತದೆ. ಆದರೆ ‘ಎನ್’ ಖಾಲಿ ಸಾಲುಗಳನ್ನೂ ಎಣಿಸುತ್ತದೆ, ನೆನಪಿರಲಿ. ಹಾಗಾಗಿ ಮೊತ್ತ ತುಂಬಿದ ಸಾಲುಗಳು ಎಷ್ಟು, ಖಾಲಿ ಎಷ್ಟು ಅಂತ ಎರಡು ಕಾಲಂ ಮಾಡಿ. ಡಿಪ್ಲೈಯರ್ ಬದಲು ಆರ್‌ನದೇ ‘ಅಗ್ರಿಗೇಟ್’ ಬಳಸುವವರು ಇನ್ನೂ ಹುಷಾರಾಗಿರಬೇಕು. ಅದಕ್ಕೆ ಫಾರ್ಮುಲಾ ಬರೆದು ಕೊಟ್ಟರೆ ಖಾಲಿ ಸಾಲುಗಳನ್ನು ಹೇಳದೆ ಕೇಳದೆ ತೆಗೆದುಹಾಕುತ್ತದೆ.

ಸುಮ್ನೆ ಟ್ರೂ ಒತ್ತಬೇಡಿ. ಮೊದಲು ಚೆಂಬೂರಿನ ಖಾಲಿ ಸಾಲುಗಳನ್ನು ಬೇರೆ ಮಾಡಿ, ಗಲ್ಲಾದಲ್ಲಿ ಕೂರುವವರ ಹತ್ತಿರ ಆ ಬಿಲ್ ನಂಬರ್ ತೋರಿಸಿ ಕೇಳಿ. ರದ್ದಾದ ಬಿಲ್‌ಗಳಾದರೆ ಬಿಡಬಹುದು. ಯುಪಿಐಯಲ್ಲಿ ಬಂದ ಹಣ ಬರೆದುಕೊಳ್ಳದೆ ಉಳಿದಿದ್ದರೆ, ಬ್ಯಾಂಕ್ ಪಟ್ಟಿ ನೋಡಿ ಮೊತ್ತ ತುಂಬಿಸಿ, ಆಮೇಲೆ ಮತ್ತೆ ಸರಾಸರಿ ತೆಗೆಯಿರಿ.