18 ಜನರ ಕ್ರೂಸ್: ತಲೆ ಎಣಿಸಬೇಡಿ, ಕ್ಯಾಬಿನ್ ಎಣಿಸಿ

ಮೇಡಂ, ನಿಮ್ಮ ಪೋಸ್ಟ್ ಪೂರ್ತಿ ಓದಿದೆ. ಆರು ಮನೆ, 18 ಜನ, ಸಿಂಗಾಪುರದಿಂದ ಕ್ರೂಸ್ ಹಡಗಿನಲ್ಲಿ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು ವಾಪಸ್. ಒಂಬತ್ತು ಇನ್‌ಸೈಡ್ ಕ್ಯಾಬಿನ್ (ಕಿಟಕಿ ಇಲ್ಲದ ಕೋಣೆ), ಎಲ್ಲವೂ ಗ್ಯಾರಂಟಿ ರೇಟ್, ನಿಮ್ಮೊಬ್ಬರ ಕಾರ್ಡಿನಲ್ಲಿ. ಆಮೇಲೆ ತಲೆಗಿಷ್ಟು ಅಂತ ವಸೂಲಿ. ಬೆಂಗಳೂರಿನಿಂದ ರಾತ್ರಿ ವಿಮಾನ, ಬೆಳಗ್ಗೆ ಇಳಿದು ಅದೇ ದಿನ ಹಡಗು. ದಯವಿಟ್ಟು ಇವತ್ತು ಹಣ ಕಟ್ಟಬೇಡಿ. ನಮ್ಮ ಮನೆಯವರೂ ನೆಂಟರೂ ಸೇರಿ ಹೋದಾಗ ಅಕ್ಷರಶಃ ಇದೇ ಲೆಕ್ಕ ಹಾಕಿದ್ದೆವು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಡಗಿನವರ ಲೆಕ್ಕ ಕ್ಯಾಬಿನ್‌ಗೆ, ತಲೆಗಲ್ಲ. ಜಾಹೀರಾತಿನಲ್ಲಿ ಒಬ್ಬರಿಗೆ ಇಷ್ಟು ಅಂತ ಹಾಕಿರುತ್ತಾರೆ, ಆದರೆ ಕ್ಯಾಬಿನ್‌ನಲ್ಲಿ ಇಬ್ಬರು ಇದ್ದರೆ ಮಾತ್ರ ಆ ರೇಟು. ಒಬ್ಬರು ಬರಲಿಲ್ಲ ಅಂದರೆ ಉಳಿದವರ ಮೇಲೆ ಹೆಚ್ಚುಕಮ್ಮಿ ಇಬ್ಬರ ದುಡ್ಡೂ ಬೀಳಬಹುದು. ನಮ್ಮಲ್ಲಿ ಆಗಿದ್ದೂ ಅದೇ. ಬ್ಯಾಲೆನ್ಸ್ ಕಟ್ಟುವ ದಿನ ದಾಟಿದ ಮೇಲೆ ಚಿಕ್ಕಪ್ಪ ಆಸ್ಪತ್ರೆ ಸೇರಿದರು. ಅವರ ಕ್ಯಾಬಿನ್‌ನಲ್ಲಿ ಇದ್ದವರು ಇನ್ನೊಂದು ಮನೆಯ ಭಾವ. ಜಾಸ್ತಿ ಬಿದ್ದ ದುಡ್ಡು ಚಿಕ್ಕಪ್ಪನ ಮನೆಯವರು ಕೊಡಬೇಕೋ, ಭಾವ ಕೊಡಬೇಕೋ, ಎಲ್ಲರೂ ಹಂಚಿಕೊಳ್ಳಬೇಕೋ? ಮೊದಲೇ ಯಾರೂ ಮಾತಾಡಿರಲಿಲ್ಲ. "ತಲೆಗಿಷ್ಟು ಅಂದಿದ್ರಲ್ಲ" ಅಂತ ಒಬ್ಬೊಬ್ಬರೂ ಕೈ ತೊಳೆದುಕೊಂಡರು. ಕಾರ್ಡು ಕೊಟ್ಟವರು ಕಟ್ಟಿದರು. ಆ ಎರಡು ಮನೆಗಳ ನಡುವೆ ಈಗಲೂ ಹೋಗಿ ಬರುವುದು ಕಡಿಮೆ.

ಅದಾದ ಮೇಲೆ ನಾನು ಯಾರಿಗೆ ಪ್ಲಾನ್ ಮಾಡಿಕೊಟ್ಟರೂ ಒಂದೇ ಪದ್ಧತಿ. ಪಟ್ಟಿಯಲ್ಲಿ ಒಂದು ಸಾಲಿಗೆ ಒಂದು ಕ್ಯಾಬಿನ್. ಆ ಸಾಲಿನಲ್ಲಿ ಮೊದಲು ಬರೆಯುವುದು ಕ್ಯಾಬಿನ್ ಜವಾಬ್ದಾರಿ ಯಾರದು ಅಂತ. ದುಡ್ಡು ಕಟ್ಟುವುದು, ಕ್ಯಾನ್ಸಲ್ ಆದರೆ ನಷ್ಟ ಹೊರುವುದು, ಹಡಗಿನೊಳಗಿನ ಖರ್ಚಿಗೆ ಕಾರ್ಡು ಕೊಡುವುದು ಎಲ್ಲ ಅವರದೇ. ಸಾಧ್ಯವಾದಷ್ಟೂ ಒಂದು ಕ್ಯಾಬಿನ್‌ನಲ್ಲಿ ಒಂದೇ ಮನೆಯವರು. ಎರಡು ಮನೆಯವರು ಸೇರಲೇಬೇಕಾದರೆ, ಒಬ್ಬರು ಬಿಟ್ಟರೆ ಏನು ಅಂತ ಮೊದಲೇ ವಾಟ್ಸಾಪ್ ಗುಂಪಿನಲ್ಲಿ ಬರೆದು "ಒಪ್ಪಿಗೆ" ಅನ್ನಿಸಿಕೊಳ್ಳಿ. ಸಂಕೋಚ ಪಡಬೇಡಿ. ಈಗ ಐದು ನಿಮಿಷದ ಮುಜುಗರ, ಅಷ್ಟೇ.

18 ಜನ ಅಂದ ತಕ್ಷಣ ಒಂಬತ್ತು ಡಬಲ್ ಅಂತಲೂ ಅಲ್ಲ. ಗಂಡ ಹೆಂಡತಿ, ಇಬ್ಬರು ಚಿಕ್ಕ ಮಕ್ಕಳಿದ್ದರೆ ನಾಲ್ವರ ಕ್ಯಾಬಿನ್ ನೋಡಿ. ಮೂರನೆಯ, ನಾಲ್ಕನೆಯವರ ರೇಟು ಸಾಮಾನ್ಯವಾಗಿ ಕಡಿಮೆ. ಆದರೆ ಬಚ್ಚಲು ಒಂದೇ, ಮೇಲಿನ ಹಾಸಿಗೆ ಚಾವಣಿಯಿಂದ ಇಳಿಸುವಂಥದ್ದು, ಏಣಿ ಹತ್ತಬೇಕು. ಅಜ್ಜಿ ತಾತಂದಿರನ್ನು ಅಲ್ಲಿಗೆ ಹಾಕಬೇಡಿ. ಇಂಥ ಕ್ಯಾಬಿನ್‌ಗಳು ಬೇಗ ಮುಗಿಯುತ್ತವೆ. ಲೈಫ್‌ಬೋಟಿನಲ್ಲಿ ಎಷ್ಟು ಜನ ಹಿಡಿಯುತ್ತಾರೆ ಅನ್ನುವುದರ ಮೇಲೆ ಹಡಗಿನ ಆಯಾ ಭಾಗಕ್ಕೆ ಮಿತಿ ಇರುತ್ತದೆ, ಅದು ತುಂಬಿದರೆ ಹಾಸಿಗೆ ಖಾಲಿ ಇದ್ದರೂ ಕೊಡುವುದಿಲ್ಲ. ಮಕ್ಕಳನ್ನಷ್ಟೇ ಒಂದು ಕ್ಯಾಬಿನ್‌ಗೆ ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ. ಅಪ್ಪ ಅಮ್ಮ ಪಕ್ಕದಲ್ಲೇ ಇದ್ದರೆ ಕೆಲವು ಕಂಪನಿಗಳು ಒಪ್ಪುತ್ತವೆ, ಕೇಳಿ ನೋಡಿ.

ಇನ್ನು ಗ್ಯಾರಂಟಿ ರೇಟು. ಹೆಸರು ನೋಡಿ ಮೋಸ ಹೋಗಬೇಡಿ. ಕ್ಯಾಬಿನ್ ಸಿಗುತ್ತದೆ ಅನ್ನುವುದಷ್ಟೇ ಗ್ಯಾರಂಟಿ, ಎಲ್ಲಿ ಅನ್ನುವುದು ಅವರ ಇಷ್ಟ. ಒಬ್ಬರೋ ಇಬ್ಬರೋ ಹೋಗುವವರಿಗೆ ಚೆನ್ನಾಗಿದೆ. ಗುಂಪಿಗೆ ಬೇಡವೇ ಬೇಡ. ಒಂದು ಮನೆ ಆರನೇ ಡೆಕ್ಕಿನ (ಅಂದರೆ ಹಡಗಿನ ಮಹಡಿ) ಮೂತಿಯಲ್ಲಿ, ಇನ್ನೊಂದು ಹನ್ನೊಂದನೇ ಡೆಕ್ಕಿನ ಬಾಲದಲ್ಲಿ ಬೀಳಬಹುದು. ಮದುವೆ ಛತ್ರದಲ್ಲಿ ಮಾಡಿದ ಹಾಗೆ ಹೋದ ಮೇಲೆ ಕೋಣೆ ಅದಲು ಬದಲು ಮಾಡಿಕೊಳ್ಳೋಣ ಅಂದರೆ ಕಷ್ಟ, ಯಾಕೆಂದರೆ ಕೀ ಕಾರ್ಡು, ಹಡಗಿನ ಬಿಲ್ಲು, ತುರ್ತಿನಲ್ಲಿ ಸೇರುವ ಜಾಗ ಎಲ್ಲ ಕ್ಯಾಬಿನ್‌ಗೆ ಅಂಟಿಕೊಂಡಿರುತ್ತದೆ. ಸ್ವಲ್ಪ ಜಾಸ್ತಿ ಕೊಟ್ಟು ನಂಬರ್ ಆರಿಸಿಕೊಳ್ಳಿ. ವಯಸ್ಸಾದವರಿಗೆ ಹಡಗಿನ ನಡುಭಾಗ, ಕೆಳಗಿನ ಡೆಕ್, ಅಲ್ಲಿ ಅಲುಗಾಟ ಕಡಿಮೆ. ಲಿಫ್ಟ್ ಹತ್ತಿರ ಇರಲಿ, ಆದರೆ ಎದುರಿಗೇ ಬೇಡ. ಡೆಕ್ ಪ್ಲಾನ್ ತೆಗೆದು ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇವೆಯಾ ನೋಡಿ. ಮೇಲೆ ಬಫೆ ಹಾಲ್ ಇದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು. ಮಕ್ಕಳಿರುವ ಮನೆಗೆ ನಡುವೆ ಬಾಗಿಲಿರುವ ಕನೆಕ್ಟಿಂಗ್ ಕ್ಯಾಬಿನ್ ಕೇಳಿ. ಬರೀ ಅಕ್ಕಪಕ್ಕ ಬೇರೆ, ಕನೆಕ್ಟಿಂಗ್ ಬೇರೆ.

ಒಂಬತ್ತು ಕ್ಯಾಬಿನ್ ಅಂದರೆ ಎಷ್ಟೋ ಕಂಪನಿಗಳಲ್ಲಿ ಅದು ಗ್ರೂಪ್ ಬುಕಿಂಗ್ ಲೆಕ್ಕಕ್ಕೆ ಬರುತ್ತದೆ. ಏಜೆಂಟರನ್ನು ಗ್ರೂಪ್ ರೇಟ್ ಕೇಳಿ. ಬುಕಿಂಗ್ ಬೇರೆ ಬೇರೆ ಇದ್ದರೂ ಪರವಾಗಿಲ್ಲ, ಎಲ್ಲ ನಂಬರ್‌ಗಳನ್ನು ಒಂದಕ್ಕೊಂದು ಲಿಂಕ್ ಮಾಡಿಸಿದರೆ ರಾತ್ರಿ ಊಟಕ್ಕೆ ಅಕ್ಕಪಕ್ಕ ಟೇಬಲ್ ಕೊಡಿಸಬಹುದು.

ಕಾರ್ಡಿನ ವಿಷಯ ಇನ್ನೂ ಇದೆ. ಇಲ್ಲಿನ ಏಜೆಂಟರಿಂದ ವಿದೇಶ ಪ್ಯಾಕೇಜ್ ತಗೊಂಡರೆ ಟಿಸಿಎಸ್ (ದುಡ್ಡು ಕಟ್ಟುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ಯಾರ ಪ್ಯಾನ್ ಕೊಟ್ಟಿದ್ದೀರೋ ಅವರ ಲೆಕ್ಕಕ್ಕೆ ಹೋಗುತ್ತದೆ, ಆದಾಯ ತೆರಿಗೆ ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳುವವರೂ ಅವರೇ. 18 ಜನರ ಖರ್ಚು ನಿಮ್ಮ ಪ್ಯಾನ್ ಮೇಲೆ ಯಾಕೆ? ವಿದೇಶ ಪ್ರಯಾಣಕ್ಕೆ ವರ್ಷದಲ್ಲಿ 2 ಲಕ್ಷ ರೂಪಾಯಿಗಿಂತ ಜಾಸ್ತಿ ಖರ್ಚು ಮಾಡಿದವರು, ಅದು ಬೇರೆಯವರಿಗಾಗಿ ಮಾಡಿದ್ದಾದರೂ, ಆದಾಯ ಕಡಿಮೆ ಇದ್ದರೂ ರಿಟರ್ನ್ ಹಾಕಲೇಬೇಕು. ನಿವೃತ್ತರಾದ ಅಪ್ಪಂದಿರ ಕಾರ್ಡು ಉಜ್ಜುವ ಮುಂಚೆ ಇದು ನೆನಪಿರಲಿ. ಟಿಪ್ಸ್ ಹಣವೂ ಬೇರೆ. ದಿನಕ್ಕೆ, ತಲೆಗೆ ಇಷ್ಟು ಡಾಲರ್ ಅಂತ ಹಡಗಿನ ಬಿಲ್ಲಿಗೆ ತಾನಾಗಿ ಸೇರುತ್ತದೆ, ಮಕ್ಕಳಿಗೂ ಸೇರಿಸುವ ಕಂಪನಿಗಳಿವೆ. ಬುಕಿಂಗ್ ರೇಟಿನಲ್ಲಿ ಸೇರಿದೆಯಾ ಕೇಳಿ, ಇಲ್ಲದಿದ್ದರೆ ಕೊನೆ ದಿನ ಎಲ್ಲರ ಮುಖ ಸಪ್ಪೆ.

ಅದೇ ದಿನದ ವಿಮಾನ ಬೇಡ. ವಿಮಾನ ತಡವಾದರೆ ಹೋಟೆಲ್ ಕಾಯುತ್ತದೆ, ಹಡಗು ಕಾಯುವುದಿಲ್ಲ. ಚೆಕ್-ಇನ್ ಹೊರಡುವುದಕ್ಕಿಂತ ಎಷ್ಟೋ ಮುಂಚೆಯೇ ಮುಚ್ಚುತ್ತದೆ. ಜೊತೆಗೆ ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಹಿಂದಿನ ದಿನವೇ ಹೋಗಿ ಲಿಟಲ್ ಇಂಡಿಯಾದಲ್ಲಿ ಉಳಿಯಿರಿ, ಇಡ್ಲಿ ದೋಸೆಗೂ ಆಯಿತು. ಟರ್ಮಿನಲ್ ಯಾವುದು ಅಂತಲೂ ಟಿಕೆಟ್ ನೋಡಿ. ಮರೀನಾ ಬೇ ಬೇರೆ, ಹಾರ್ಬರ್‌ಫ್ರಂಟ್ ಬೇರೆ.

ಹೆಸರಿನ ವಿಷಯ ನಮ್ಮ ಕಡೆಯವರಿಗೇ ಜಾಸ್ತಿ ಕಾಡುವುದು. ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ, ಇನಿಷಿಯಲ್ ಬಿಡಿಸಿ ಬರೆದು ಎಲ್ಲ ಗಿವನ್ ನೇಮ್‌ನಲ್ಲೇ ಇರುತ್ತದೆ. ಹಡಗಿನ ವೆಬ್‌ಸೈಟು ಸರ್‌ನೇಮ್ ಕೇಳುತ್ತದೆ, ಏಜೆಂಟರು ಏನೋ ಒಂದು ತುಂಬುತ್ತಾರೆ, ವಿಮಾನದ ಟಿಕೆಟಿನಲ್ಲಿ ಇನ್ನೊಂದು. 18 ಪಾಸ್‌ಪೋರ್ಟಿನ ಫೋಟೋ ಒಟ್ಟುಮಾಡಿ ನೀವೇ ಒಂದೊಂದಾಗಿ ತಾಳೆ ನೋಡಿ. ಆರು ತಿಂಗಳ ವ್ಯಾಲಿಡಿಟಿಯನ್ನು ವಾಪಸ್ ಬರುವ ದಿನದಿಂದ ಎಣಿಸಿ. ಸಿಂಗಾಪುರ ವೀಸಾ ಮಲ್ಟಿಪಲ್ ಎಂಟ್ರಿ ಇರಲೇಬೇಕು, ಯಾಕೆಂದರೆ ಹಡಗಿನಲ್ಲಿ ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತೀರಿ. ಎಸ್‌ಜಿ ಅರೈವಲ್ ಕಾರ್ಡ್ (ಸಿಂಗಾಪುರಕ್ಕೆ ಬರುವವರು ಆನ್‌ಲೈನ್‌ನಲ್ಲಿ ತುಂಬುವ ಫಾರಂ) ವಾಪಸ್ ಬರುವಾಗಲೂ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ಸೈಟಿಗೆ ಹೋಗಬೇಡಿ. ಮಲೇಷ್ಯಾ, ಥಾಯ್ಲೆಂಡ್ ನಿಯಮ ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ಮತ್ತೊಮ್ಮೆ ನೋಡಿ. "ನಾವು ಅಲ್ಲಿ ಇಳಿಯುವುದೇ ಇಲ್ಲ" ಅಂದರೂ ಚೆಕ್-ಇನ್‌ನಲ್ಲಿ ಆ ದಾಖಲೆ ಕೇಳಬಹುದು.

ದೊಡ್ಡ ಸೂಟ್‌ಕೇಸ್ ಟರ್ಮಿನಲ್‌ನಲ್ಲೇ ತಗೊಳ್ಳುತ್ತಾರೆ, ಕ್ಯಾಬಿನ್‌ಗೆ ಬರುವಷ್ಟರಲ್ಲಿ ಸಂಜೆಯೂ ಆಗಬಹುದು. ಬಿಪಿ, ಶುಗರ್ ಮಾತ್ರೆ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ ಒಯ್ಯಬೇಡಿ, ಬೆಂಕಿ ಭಯಕ್ಕೆ ಕಿತ್ತಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಮಾಡಿದ ಪುಳಿಯೋಗರೆ ಬೇಡ. ಸೀಲ್ ಆದ ಪ್ಯಾಕೆಟ್ ತಿಂಡಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಗಸಗಸೆ ಸಿಂಗಾಪುರದಲ್ಲಿ ನಿಷಿದ್ಧ, ಅದು ಸೇರಿದ ಮಸಾಲೆ ಪುಡಿಯನ್ನೂ ಬಿಟ್ಟು ಹೋಗಿ. ಹೊಗೆಸೊಪ್ಪು, ಗುಟ್ಕಾ ಕೂಡ ನಿಷಿದ್ಧ, ಎಲೆ ಅಡಿಕೆ ಹಾಕುವ ಹಿರಿಯರಿಗೆ ಮೊದಲೇ ಹೇಳಿ. ಹಡಗು ಹೋಗುವ ಮಲಕ್ಕಾ ಜಲಸಂಧಿ ಸಾಮಾನ್ಯವಾಗಿ ಶಾಂತ. ಆದರೂ ವಾಂತಿ ಭಯ ಇರುವವರು ಅವೋಮಿನ್ ಮಾತ್ರೆ ಬಗ್ಗೆ ತಮ್ಮ ಡಾಕ್ಟರನ್ನು ಕೇಳಿ ಇಟ್ಟುಕೊಳ್ಳಲಿ. ಹಡಗಿನ ಆಸ್ಪತ್ರೆಯ ಬಿಲ್ಲು ತುಂಬಾ ದುಬಾರಿ, ಕ್ರೂಸ್ ಸೇರಿರುವ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ, ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ.

ಪೆನಾಂಗ್‌ನಲ್ಲಿ ಹಡಗಿನವರು ಮಾರುವ ಎಕ್ಸ್‌ಕರ್ಷನ್ (ಊರು ಸುತ್ತಿಸುವ) ಪ್ಯಾಕೇಜ್ ಸುಮ್ನೆ ದಂಡ. ಹಡಗು ನಿಲ್ಲುವ ಸ್ವೆಟೆನ್‌ಹ್ಯಾಮ್ ಪಿಯರ್ ಜಾರ್ಜ್‌ಟೌನ್ ಊರಿನಲ್ಲೇ ಇದೆ, ನಡೆದೇ ಲಿಟಲ್ ಇಂಡಿಯಾ, ಮಾರಿಯಮ್ಮನ್ ದೇವಸ್ಥಾನಕ್ಕೆ ಹೋಗಬಹುದು. ಫುಕೆಟ್‌ನ ಪಟಾಂಗ್‌ನಲ್ಲಾದರೆ ಹಡಗು ದೂರ ನಿಂತು ಚಿಕ್ಕ ದೋಣಿಯಲ್ಲಿ ಇಳಿಸುತ್ತಾರೆ, ಮಂಡಿ ನೋವಿನವರು ಯೋಚಿಸಿ. ಅಲ್ಲಿ ಫೋನಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ವಾಪಸ್ ಬರಲು ಹಡಗಿನ ಸಮಯವನ್ನೇ ನಂಬಿ, ಒಬ್ಬರಾದರೂ ಕೈಗಡಿಯಾರ ಕಟ್ಟಿರಲಿ.

ಯಾವ ಹಡಗು ಅಂತ ನೀವು ಬರೆದಿಲ್ಲ. ಸಸ್ಯಾಹಾರಿ ಹಿರಿಯರು ಜಾಸ್ತಿ ಇದ್ದರೆ ನನ್ನ ಮತ ಗೆಂಟಿಂಗ್ ಡ್ರೀಮ್ ಹಡಗಿಗೆ, ನಮ್ಮ ಊಟಕ್ಕೆ ಕಷ್ಟ ಆಗುವುದಿಲ್ಲ. ಹರೆಯದ ಮಕ್ಕಳು, ಶೋ, ಆಟ ಅಂದರೆ ರಾಯಲ್ ಕೆರಿಬಿಯನ್ ಕಂಪನಿಯ ಹಡಗು. ಎರಡರಲ್ಲೂ ಊಟದ ವಿಷಯ, ಜೈನ ಊಟವೋ ಈರುಳ್ಳಿ ಆಗುತ್ತದೋ ಅಂತ, ಬುಕಿಂಗ್‌ನಲ್ಲೇ ಬರೆಸಿ. ಯಾರದಾದರೂ ಪಾಸ್‌ಪೋರ್ಟ್ ಸಮಯಕ್ಕೆ ಬರದಿದ್ದರೆ ಮುಂಬೈನಿಂದ ಲಕ್ಷದ್ವೀಪದ ಕಡೆ ಹೊರಡುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಇದೆ. 1990ರ ಹಳೆಯ ಹಡಗು, ದೊಡ್ಡ ಆಟಗಳ ನಿರೀಕ್ಷೆ ಬೇಡ. ಲಕ್ಷದ್ವೀಪದಲ್ಲಿ ಸಮುದ್ರ ಒರಟಾಗಿದ್ದರೆ ಇಳಿಸುವುದಿಲ್ಲ.

ಹಡಗಿನ ಹೆಸರು, ತಿಂಗಳು, ಆರು ಮನೆಗಳಲ್ಲಿ ಯಾರು ಯಾರು, ವಯಸ್ಸು ಎಷ್ಟು ಅಂತ ಇಲ್ಲೇ ಹಾಕಿ. ಪಾಸ್‌ಪೋರ್ಟ್ ಫೋಟೋ ಮಾತ್ರ ಗುಂಪಿನಲ್ಲಿ ಹಾಕಬೇಡಿ. ನಾಳೆ ಡೆಕ್ ಪ್ಲಾನ್ ಮುಂದಿಟ್ಟುಕೊಂಡು ಯಾವ ಕ್ಯಾಬಿನ್‌ಗೆ ಯಾರು ಅಂತ ಒಂದು ಪಟ್ಟಿ ಮಾಡಿ ಕೊಡುತ್ತೇನೆ.